ಕಣ್ಣು ಮುಚ್ಚಿದರೆ ಆಯ ತಪ್ಪುವ ರೋಗಿ: ಒಂದು ಪ್ರಕರಣ ಅಧ್ಯಯನ

ರೋಗಿಗೆ 67 ವರ್ಷ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರು. ಫಿಸಿಯೋಥೆರಪಿಸ್ಟ್ ಆದ ನನಗೆ ವೈದ್ಯರು ಕೊಟ್ಟು ಕಳಿಸಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಸರ್ವೈಕಲ್ ಸ್ಪಾಂಡಿಲೋಸಿಸ್ (ಕುತ್ತಿಗೆ ಮೂಳೆಯ ಸವೆತ), ತಲೆಸುತ್ತು, ಕುತ್ತಿಗೆ ವ್ಯಾಯಾಮ ಕಲಿಸಿ. ಕುತ್ತಿಗೆಗೆ ಕಾಲರ್ ಹಾಕಿಕೊಂಡೇ ಬಂದಿದ್ದರು. ಆರು ತಿಂಗಳಲ್ಲಿ ಎರಡು ಸಲ ಬಿದ್ದಿದ್ದಾರೆ. ಇನ್ನೊಂದು ಸಲ ಕೈಗೆ ಅಡಿಕೆ ಮರ ಸಿಕ್ಕಿದ್ದರಿಂದ ಬಚಾವಾಗಿದ್ದಾರೆ. ಜೊತೆಗೆ ಬಂದಿದ್ದ ಹೆಂಡತಿ ಕುರ್ಚಿಯಲ್ಲಿ ಕೂರುವ ಮುಂಚೆಯೇ ಒಂದು ಮಾತು ಹೇಳಿದರು: “ಈ ಪಟ್ಟಿ ಹಾಕಿದ ಮೇಲೆ ಇವರು ಜೋಲಿ ಹೊಡೆಯೋದು ಇನ್ನೂ ಜಾಸ್ತಿ ಆಗಿದೆ.”

ಕಾಲರ್ ಹಾಕಿದ ಮೇಲೆ ಕುತ್ತಿಗೆ ನೋವು ಕಡಿಮೆ ಆಗಬಹುದು, ಆಗದೇ ಇರಬಹುದು. ಆದರೆ ಸಮತೋಲನ ಯಾಕೆ ಕೆಡಬೇಕು? ಪರೀಕ್ಷೆ ಶುರುವಾಗಿದ್ದೇ ಈ ಪ್ರಶ್ನೆಯಿಂದ.

ಬಿದ್ದದ್ದು ಎಲ್ಲಿ, ಯಾವಾಗ

ಬಿದ್ದವರನ್ನು ಯಾಕೆ ಬಿದ್ರಿ ಅಂತ ಕೇಳಿದರೆ ‘ಕಾಲು ಜಾರಿತು’ ಅನ್ನುತ್ತಾರೆ. ಅದರಿಂದ ನಮಗೆ ಏನೂ ಸಿಗುವುದಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು, ಕಾಲಲ್ಲಿ ಏನಿತ್ತು, ಯಾವ ಕಡೆಗೆ ಬಿದ್ದರು, ತಾವೇ ಎದ್ದರಾ? ಇದನ್ನೆಲ್ಲ ಒಂದೊಂದಾಗಿ ಕೇಳಬೇಕು. ಹದಿನೈದು ನಿಮಿಷ ಹೋದರೂ ಪರವಾಗಿಲ್ಲ.

ಮೊದಲ ಸಲ ಬಿದ್ದದ್ದು ಬಚ್ಚಲುಮನೆಯಲ್ಲಿ. ಹಂಡೆಯಿಂದ ನೀರು ತೋಡಿ ತಲೆಗೆ ಹೊಯ್ದುಕೊಳ್ಳುವಾಗ ಹಿಂದಕ್ಕೆ ಬಿದ್ದರು. ಎರಡನೆಯದು ರಾತ್ರಿ ಕರೆಂಟ್ ಹೋದಾಗ, ಕೊಟ್ಟಿಗೆಯಿಂದ ಅಂಗಳಕ್ಕೆ ಬರುವಾಗ. ಬಚಾವಾದದ್ದು ಮುಸ್ಸಂಜೆ ತೋಟದಲ್ಲಿ, ದರಕು (ಒಣ ಎಲೆ) ಹರಡಿದ್ದ ಜಾಗದಲ್ಲಿ. ಮೂರು ಸಲವೂ ಅವರಿಗೆ ನೆಲ ಕಾಣುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ, ಸಮ ನೆಲದಲ್ಲಿ ಒಮ್ಮೆಯೂ ಬಿದ್ದಿಲ್ಲ.

ಇನ್ನು ತಲೆಸುತ್ತು. ಕೋಣೆ ಗಿರಗಿರ ತಿರುಗುತ್ತದಾ? ಇಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದಾ? ಇಲ್ಲ. ಮಲಗಿದಾಗ, ಮಗ್ಗುಲು ಬದಲಿಸಿದಾಗ? ಆಗಲೂ ಇಲ್ಲ. “ತಲೆಗೆ ಏನೂ ಆಗೋದಿಲ್ಲ ಡಾಕ್ಟ್ರೇ. ಕಾಲು ಹತ್ತಿ ಮೇಲೆ ಇಟ್ಟ ಹಾಗೆ ಆಗ್ತದೆ.” ಇಷ್ಟು ಹೇಳಿದವರಿಗೆ ಚೀಟಿಯಲ್ಲಿ ತಲೆಸುತ್ತು ಅಂತ ಯಾಕೆ ಬರೆದರೋ.

ಆಗ ಅವರ ಮಗ ಇನ್ನೊಂದು ವಿಷಯ ಸೇರಿಸಿದರು. ಅಪ್ಪಯ್ಯನ ಹವಾಯಿ ಚಪ್ಪಲಿ ಆಗಾಗ ಅಂಗಳದ ನಡುವೆ ಒಂಟಿಯಾಗಿ ಬಿದ್ದಿರುತ್ತದೆ. ಕಾಲಿಂದ ಕಳಚಿದ್ದೇ ಅವರಿಗೆ ಗೊತ್ತಾಗುವುದಿಲ್ಲ. ಮನೆಯವರು ಇದನ್ನು ಮರೆವು ಅಂದುಕೊಂಡಿದ್ದರು. ಸಕ್ಕರೆ ಕಾಯಿಲೆ ಇರುವವರ ಬಗ್ಗೆ ಇಂಥ ಮಾತು ಕೇಳಿದರೆ ನಾನು ಮೊದಲು ಪಾದ ನೋಡುತ್ತೇನೆ. ಪಾದದ ಸ್ಪರ್ಶ ಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಸುಲಭವಾದ ಸುಳಿವು ಸಿಗುವುದು ಕಷ್ಟ.

ಸಕ್ಕರೆ ಕಾಯಿಲೆ 14 ವರ್ಷದಿಂದ ಇದೆ. ಮೆಟ್‌ಫಾರ್ಮಿನ್ 1000 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಬಿಪಿಗೆ ಆಮ್ಲೋಡಿಪಿನ್, ರಾತ್ರಿ ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್. ಶುದ್ಧ ಸಸ್ಯಾಹಾರಿ. ಸಕ್ಕರೆ ಬಂದ ಮೇಲೆ ಹಾಲು ಬಿಟ್ಟಿದ್ದಾರೆ. ಹಾಲಿಲ್ಲದ ಕಷಾಯ, ಊಟಕ್ಕೆ ಒಂದಿಷ್ಟು ನೀರು ಮಜ್ಜಿಗೆ, ಅಷ್ಟೇ. ಈ ಊಟದ ವಿವರ ಫಿಸಿಯೋಥೆರಪಿಸ್ಟ್‌ಗೆ ಯಾಕೆ ಅಂತ ಅನ್ನಿಸಬಹುದು. ಮುಂದೆ ಗೊತ್ತಾಗುತ್ತದೆ.

ಕಿವಿ, ಬಿಪಿ, ಕುತ್ತಿಗೆ

ಇವು ಬೇಗ ಮುಗಿದವು. ಟ್ಯಾಮ್ಸುಲೋಸಿನ್ ಮತ್ತು ಬಿಪಿ ಮಾತ್ರೆ ಎರಡೂ ಇರುವಾಗ ನಿಂತರೆ ಬಿಪಿ ಇಳಿಯುತ್ತದಾ ಅಂತ ನೋಡಲೇಬೇಕು. ಮಲಗಿದ್ದಾಗ 142/84, ನಿಂತು ಒಂದು ನಿಮಿಷಕ್ಕೆ 130/80, ಮೂರು ನಿಮಿಷಕ್ಕೆ 132/80. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಚಿಂತೆ ಮಾಡಬೇಕಿತ್ತು. ಇಲ್ಲಿ ಅಷ್ಟು ಇಳಿದಿಲ್ಲ. ಕಿವಿಯ ಹರಳು ಕದಲಿದೆಯಾ ಅಂತ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಎರಡೂ ಕಡೆ ಸರಿ ಬಂತು. ತಲೆಯನ್ನು ಥಟ್ಟನೆ ತಿರುಗಿಸಿದಾಗ ಕಣ್ಣು ಗುರಿಯ ಮೇಲೇ ನಿಂತಿತು. ಅಂದರೆ ಒಳಕಿವಿಯ ತೊಂದರೆ ಅಲ್ಲ.

ಕುತ್ತಿಗೆ ತಿರುಗಿಸಿದರೆ ಸ್ವಲ್ಪ ಬಿಗಿತ ಇತ್ತು, ತೊಂದರೆ ಏನೂ ಶುರುವಾಗಲಿಲ್ಲ. 67ರ ವಯಸ್ಸಿನಲ್ಲಿ ಕುತ್ತಿಗೆ ಎಕ್ಸ್‌ರೇ ತೆಗೆದರೆ ಸವೆತ ಕಾಣದಿರುವವರೇ ಅಪರೂಪ. ಎಕ್ಸ್‌ರೇಯಲ್ಲಿ ಕಂಡದ್ದೆಲ್ಲ ಕಾಯಿಲೆಗೆ ಕಾರಣ ಅಲ್ವಲ್ಲ.

ಪಾದ

ಬರಿಗಾಲಲ್ಲಿ ನಿಲ್ಲಿಸಿದೆ. ಕಾಲು ಅಗಲಿಸಿ ನಿಂತರು. ಬೆರಳುಗಳು ನೆಲವನ್ನು ಗಟ್ಟಿಯಾಗಿ ಹಿಡಿದಿದ್ದವು. ಕಾಲರ್ ಇದ್ದರೂ ಕಣ್ಣನ್ನು ಬಲವಂತವಾಗಿ ಕೆಳಗೆ ಹೊರಳಿಸಿ ನೆಲ ಹುಡುಕುತ್ತಿದ್ದರು. ನಡೆಯಿರಿ ಅಂದಾಗ ಹಿಮ್ಮಡಿಯನ್ನು ಧಪ್ ಧಪ್ ಅಂತ ಇಟ್ಟುಕೊಂಡು ನಡೆದರು.

10 ಗ್ರಾಂ ಮೋನೋಫಿಲಮೆಂಟ್ ಅಂದರೆ ಒಂದು ಸಣ್ಣ ನೈಲಾನ್ ಎಳೆ. ಅದನ್ನು ಬಾಗುವಷ್ಟು ಒತ್ತಿದರೆ ಒತ್ತಡ 10 ಗ್ರಾಂ. ಬಲ ಪಾದದಲ್ಲಿ 10 ಜಾಗ ಮುಟ್ಟಿದರೆ 4 ಗೊತ್ತಾದವು, ಎಡದಲ್ಲಿ 5. 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್‌ನ ನಡುಕ ಹೆಬ್ಬೆರಳಿನಲ್ಲಿ ಇಲ್ಲ, ಕಣಕಾಲಿನ ಮೂಳೆಯಲ್ಲೂ ಇಲ್ಲ, ಮಂಡಿಗೆ ಬಂದಾಗ ಮಾತ್ರ “ಈಗ ಗುಂಯ್ ಅಂತು” ಅಂದರು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ ಯಾವ ಕಡೆ ಅಂತ ಕೇಳಿದೆ. ಹತ್ತರಲ್ಲಿ ಆರು ಸರಿ. ಸುಮ್ನೆ ಊಹಿಸಿ ಹೇಳಿದರೂ ಐದು ಸರಿ ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಸಕ್ಕರೆ ಕಾಯಿಲೆಯಿಂದ ಬರುವ ನರದ ತೊಂದರೆಗೆ ಹೊಂದುತ್ತಿತ್ತು. ಹೊಂದದೇ ಹೋದದ್ದು ಸುತ್ತಿಗೆಯ ಪರೀಕ್ಷೆ. ಹಿಮ್ಮಡಿಯ ಹಿಂದೆ ತಟ್ಟಿದರೆ ಪಾದ ಅಲುಗಲಿಲ್ಲ, ಅದು ನರದ ತೊಂದರೆಗೆ ಹೊಂದುತ್ತದೆ. ಆದರೆ ಮಂಡಿಗೆ ತಟ್ಟಿದಾಗ ಕಾಲು ಬೇಕಾದ್ದಕ್ಕಿಂತ ಜೋರಾಗಿ ಎಗರಿತು. ಬಲ ಅಂಗಾಲಿನಲ್ಲಿ ಗೆರೆ ಎಳೆದರೆ ಹೆಬ್ಬೆರಳು ಮೇಲಕ್ಕೆ ಎದ್ದಿತು. ನರ ಮಾತ್ರ ಕೆಟ್ಟಿದ್ದರೆ ಹೀಗಾಗುವುದಿಲ್ಲ. ತೊಂದರೆ ಬೆನ್ನುಹುರಿಯಲ್ಲೂ ಇರಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡು ಮುಂದಿನ ಪರೀಕ್ಷೆಗೆ ಹೋದೆ.

ಚೆನ್ನಾಗಿ ಬಂದ ಅಂಕಗಳು

ಟೈಮ್ಡ್ ಅಪ್ ಆಂಡ್ ಗೋ, ನಾವೆಲ್ಲ ಟಗ್ ಅನ್ನುವ ಪರೀಕ್ಷೆ, ಎಲ್ಲರಿಗೂ ಗೊತ್ತಿದ್ದದ್ದೇ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಇವರು 11.6 ಸೆಕೆಂಡ್ ತೆಗೆದುಕೊಂಡರು. ಮನೆಯಲ್ಲಿ ಓಡಾಡಿಕೊಂಡಿರುವ ವಯಸ್ಸಾದವರಿಗೆ 13.5 ಸೆಕೆಂಡ್ ದಾಟಿದರೆ ಅಪಾಯ ಅಂತ ಲೆಕ್ಕ. 100ರಿಂದ ಮೂರು ಮೂರು ಕಳೆಯುತ್ತಾ ನಡೆಯಿರಿ ಅಂದಾಗ 13.4 ಆಯಿತು. ಲೆಕ್ಕದಲ್ಲಿ ಒಂದೂ ತಪ್ಪಲಿಲ್ಲ. ಅಡಿಕೆ ವ್ಯಾಪಾರ ಮಾಡಿದವರು, ಕಳೆಯುವ ಲೆಕ್ಕ ಅವರಿಗೆ ಕಷ್ಟವಲ್ಲ. ನಡಿಗೆ ಮಾತ್ರ ನಿಧಾನವಾಯಿತು. ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲು 13.8 ಸೆಕೆಂಡ್. ಮುಂದಕ್ಕೆ ಕೈ ಚಾಚುವ ಪರೀಕ್ಷೆಯಲ್ಲಿ 22 ಸೆಂಟಿಮೀಟರ್. 25 ದಾಟಿದ್ದರೆ ಒಳ್ಳೆಯದಿತ್ತು, 15ಕ್ಕಿಂತ ಕೆಳಗೆ ಹೋಗಿದ್ದರೆ ಗಾಬರಿ.

ಬರ್ಗ್ ಬ್ಯಾಲೆನ್ಸ್ ಸ್ಕೇಲ್‌ನಲ್ಲಿ 56ಕ್ಕೆ 49 ಬಂತು. 45ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಅನ್ನುವುದು ರೂಢಿ. ಆ ಲೆಕ್ಕ ಹಿಡಿದರೆ ಇವರು ಪಾಸ್. ವ್ಯಾಯಾಮದ ಹಾಳೆ ಕೊಟ್ಟು ಮನೆಗೆ ಕಳಿಸಬಹುದಿತ್ತು.

ಒಟ್ಟು ಅಂಕದ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಹೋದ 7 ಅಂಕ ಎಲ್ಲಿ ಹೋಯಿತು ಅಂತ ನೋಡಬೇಕು. ಒಂಟಿ ಕಾಲಿನಲ್ಲಿ ನಿಲ್ಲುವುದರಲ್ಲಿ 3, ಒಂದು ಕಾಲಿನ ಮುಂದೆ ಇನ್ನೊಂದು ಇಟ್ಟು ನಿಲ್ಲುವುದರಲ್ಲಿ 2, ಸ್ಟೂಲ್ ಮೇಲೆ ಕಾಲು ಬದಲಿಸಿ ಇಡುವುದರಲ್ಲಿ 1, ಕಣ್ಣು ಮುಚ್ಚಿ ನಿಲ್ಲುವುದರಲ್ಲಿ 1. ಬರ್ಗ್‌ನ 14 ಅಂಶಗಳಲ್ಲಿ ಕಣ್ಣು ಮುಚ್ಚುವುದು ಒಂದೇ ಒಂದು. ಅದೂ ತಮಗೆ ಬೇಕಾದಷ್ಟು ಕಾಲು ಅಗಲಿಸಿಕೊಂಡು, ಹತ್ತೇ ಸೆಕೆಂಡ್. ಮೆತ್ತನೆಯ ನೆಲ ಇಲ್ಲ. ಹೊರಗಿನಿಂದ ಯಾರೂ ತಳ್ಳುವುದಿಲ್ಲ. ಅಂದರೆ ಈ ಮನುಷ್ಯ ಯಾವ ಸ್ಥಿತಿಯಲ್ಲಿ ಬೀಳುತ್ತಿದ್ದರೋ ಆ ಸ್ಥಿತಿ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದು ಬರ್ಗ್‌ನ ದೋಷ ಅಲ್ಲ, ಅದನ್ನು ಮಾಡಿದ್ದು ಬೇರೆ ಕೆಲಸಕ್ಕೆ. ಅದೊಂದನ್ನೇ ಮಾಡಿ ಫೈಲ್ ಮುಚ್ಚುವುದು ನಮ್ಮ ದೋಷ.

ಬೀಳುವ ಭಯದ ಪ್ರಶ್ನಾವಳಿಯಲ್ಲಿ 64ಕ್ಕೆ 21 ಬಂತು. ಅವರ ಹೆಂಡತಿಗೆ ಇರುವ ಭಯದ ಅರ್ಧವೂ ಅವರಿಗೆ ಇರಲಿಲ್ಲ.

ಕಣ್ಣು ಮುಚ್ಚಿಸಿದಾಗ

ಮೂಲೆಯಲ್ಲಿ ನಿಲ್ಲಿಸಿ, ಎದುರಿಗೆ ಕುರ್ಚಿ ಇಟ್ಟು, ಸೊಂಟಕ್ಕೆ ಬೆಲ್ಟ್ ಕಟ್ಟಿ, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡ ಮೇಲೇ ಈ ಭಾಗ ಶುರು ಮಾಡಿದ್ದು. ಇದರಲ್ಲಿ ಉಳಿತಾಯ ಮಾಡಬಾರದು.

ಪಾದ ಜೋಡಿಸಿ, ಕಣ್ಣು ಬಿಟ್ಟು 30 ಸೆಕೆಂಡ್ ನಿಂತರು. ಕಣ್ಣು ಮುಚ್ಚಿ ಅಂದೆ. ಮೊದಲ ಮೂರು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಪಾದದ ಬೆರಳುಗಳು ಬಿಳಿಚಿಕೊಂಡವು. ಸೊಂಟದಿಂದ ಮೇಲಿನ ಮೈ ಮುಂದೆ ಹಿಂದೆ ಆಡತೊಡಗಿತು, ತೋಳು ಮೇಲೆದ್ದವು. ಎಂಟನೇ ಸೆಕೆಂಡಿಗೆ ಎಡಗಾಲು ಹಿಂದಕ್ಕೆ ಹೋಯಿತು. ಇನ್ನೆರಡು ಸಲ ಮಾಡಿಸಿದಾಗ 11 ಮತ್ತು 9. ಅವರಿಗೇ ಆಶ್ಚರ್ಯ. “ಇದೇನು, ಯಾರೋ ದೂಡಿದ ಹಾಗಾಯ್ತಲ್ಲ!”

ಇದು ರೋಂಬರ್ಗ್ ಪರೀಕ್ಷೆ. ಬರ್ಲಿನ್‌ನ ವೈದ್ಯ ಮೋರಿಟ್ಜ್ ರೋಂಬರ್ಗ್ 1840ರ ದಶಕದಲ್ಲಿ ವಿವರಿಸಿದ್ದು. ಆಗಿನ ರೋಗಿಗಳಿಗೆ ಸಿಫಿಲಿಸ್‌ನಿಂದ ಬೆನ್ನುಹುರಿಯ ಹಿಂಭಾಗ ಹಾಳಾಗಿರುತ್ತಿತ್ತು. ಕಾರಣ ಬೇರೆ ಇರಬಹುದು, ಕೆಟ್ಟಿರುವ ದಾರಿ ಅದೇ: ಪಾದ ಎಲ್ಲಿದೆ, ಹೇಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ದಾರಿ.

ಆಮೇಲೆ ಫೋಮ್ ಮೇಲೆ ನಿಲ್ಲಿಸಿದೆ. ಕಣ್ಣು ಬಿಟ್ಟಾಗ ತುಂಬಾ ತೂಗಾಡಿದರೂ 30 ಸೆಕೆಂಡ್ ಮುಗಿಸಿದರು. ಕಣ್ಣು ಮುಚ್ಚಿದಾಗ ಎರಡೇ ಸೆಕೆಂಡ್, ಹಿಡಿದುಕೊಳ್ಳಬೇಕಾಯಿತು. ಅಂದಹಾಗೆ, ಕೆಲವು ಕಡೆ ಸೋಫಾದ ದಿಂಬು, ಮಡಚಿದ ಯೋಗ ಮ್ಯಾಟ್ ಬಳಸುತ್ತಾರೆ. ಬಳಸಿ, ಆದರೆ ಪ್ರತಿ ಸಲ ಅದೇ ಇರಲಿ. ಇಲ್ಲದಿದ್ದರೆ ಮುಂದಿನ ತಿಂಗಳ ಅಂಕಿಗೆ ಅರ್ಥವೇ ಇರುವುದಿಲ್ಲ.

ಈ ನಾಲ್ಕು ಸ್ಥಿತಿಗಳನ್ನು ಒಟ್ಟಿಗೆ ಓದಬೇಕು. ಬೆಳಕಿರುವಾಗ, ಗಟ್ಟಿ ನೆಲದಲ್ಲಿ ಆರೋಗ್ಯವಂತರು ಸುಮಾರು 70 ಭಾಗ ಪಾದ ಮತ್ತು ಕೀಲುಗಳ ಸುದ್ದಿಯ ಮೇಲೆ, 20 ಭಾಗ ಒಳಕಿವಿಯ ಮೇಲೆ, 10 ಭಾಗ ಕಣ್ಣಿನ ಮೇಲೆ ನಿಂತಿರುತ್ತಾರೆ ಅಂತ ಅಂದಾಜು. ಕಿವಿ ಮಾತ್ರ ಕೆಟ್ಟಿದ್ದರೆ ಗಟ್ಟಿ ನೆಲದಲ್ಲಿ ಕಣ್ಣು ಮುಚ್ಚಿದರೂ ಸಾಮಾನ್ಯವಾಗಿ ನಿಲ್ಲುತ್ತಾರೆ, ಯಾಕೆಂದರೆ ಪಾದ ಕೆಲಸ ಮಾಡುತ್ತಿರುತ್ತದೆ. ಫೋಮ್ ಮೇಲೆ ಕಣ್ಣು ಮುಚ್ಚಿದಾಗ ಮಾತ್ರ ಬೀಳುತ್ತಾರೆ. ಇವರು ಗಟ್ಟಿ ನೆಲದಲ್ಲೇ ಸೋತರು. ಹೆಚ್ಚಿನ ಕೆಲಸವನ್ನು ಕಣ್ಣೇ ಮಾಡುತ್ತಿದೆ.

ಕಾಲರ್‌ನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ನೆಲ ನೋಡಿಕೊಂಡು ನಡೆಯುವ ಮನುಷ್ಯನಿಗೆ ಗಲ್ಲ ಕೆಳಗೆ ಹೋಗದ ಹಾಗೆ ಪಟ್ಟಿ ಕಟ್ಟಿದ್ದಾರೆ. ಪಟ್ಟಿ ತೆಗೆಸಿ ನಡೆಸಿದೆ. ಹೆಜ್ಜೆ ಅಲ್ಲೇ ಸ್ವಲ್ಪ ಉದ್ದವಾಯಿತು.

ಮಿನಿ-ಬೆಸ್‌ಟೆಸ್ಟ್‌ನಲ್ಲಿ ಚಿತ್ರ ಇನ್ನೂ ಸ್ಪಷ್ಟವಾಯಿತು. ಸಮತೋಲನವನ್ನು ನಾಲ್ಕು ಭಾಗ ಮಾಡಿ ಅಳೆಯುವ ಪರೀಕ್ಷೆ ಇದು. ಒಟ್ಟು 28ಕ್ಕೆ 16. ಅದರಲ್ಲಿ ಮುಂಚಿತವಾಗಿ ಮೈ ಹೊಂದಿಸಿಕೊಳ್ಳುವುದಕ್ಕೆ 6ಕ್ಕೆ 4, ನಡಿಗೆಗೆ 10ಕ್ಕೆ 7. ಇಂದ್ರಿಯಗಳ ಭಾಗದಲ್ಲಿ 6ಕ್ಕೆ 3. ಥಟ್ಟನೆ ಆಯ ತಪ್ಪಿದಾಗ ಸಾವರಿಸಿಕೊಳ್ಳುವುದಕ್ಕೆ 6ಕ್ಕೆ 2. ನನ್ನ ಕೈಗೆ ಒರಗಿಸಿಕೊಂಡು ಕೈ ಬಿಟ್ಟಾಗ ಮುಂದಕ್ಕೆ, ಪಕ್ಕಕ್ಕೆ ಎರಡು ಮೂರು ಹೆಜ್ಜೆ ಹಾಕಿ ನಿಂತರು. ಹಿಂದಕ್ಕೆ ಒರಗಿಸಿ ಬಿಟ್ಟಾಗ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ಬಚ್ಚಲಲ್ಲೂ ಹಿಂದಕ್ಕೇ ಬಿದ್ದದ್ದು.

ಸ್ನಾನ ಹೇಗೆ ಮಾಡುತ್ತೀರಿ, ತೋರಿಸಿ

ಬಕೆಟ್ ಮತ್ತು ಖಾಲಿ ಚೊಂಬು ತರಿಸಿದೆ. ನಿಂತುಕೊಂಡೇ ಸ್ನಾನ ಮಾಡುವ ರೂಢಿ. ಬಗ್ಗಿ ಚೊಂಬಿನಲ್ಲಿ ತೋಡಿದ ಹಾಗೆ ಮಾಡಿದರು. ಎದ್ದರು. ಕೈ ತಲೆಯ ಮೇಲೆ ಹೋಯಿತು, ತಲೆ ಹಿಂದಕ್ಕೆ ಬಾಗಿತು, ಕಣ್ಣು ತಾನಾಗಿ ಮುಚ್ಚಿತು. ನೀರಿಲ್ಲದಿದ್ದರೂ ಮುಚ್ಚಿತು! ಅಷ್ಟರಲ್ಲಿ ಹಿಮ್ಮಡಿಯ ಮೇಲೆ ಭಾರ ಬಿದ್ದು ಪಾದದ ಮುಂಭಾಗ ನೆಲ ಬಿಟ್ಟಿತು. ಬೆಲ್ಟ್ ಹಿಡಿದಿದ್ದರಿಂದ ನಿಂತರು.

ಬರ್ಗ್, ಟಗ್ ಹೇಳದಿದ್ದದ್ದನ್ನು ಈ ಚೊಂಬು ಹೇಳಿತು. ಪಾದದ ಸುದ್ದಿ ಮೊದಲೇ ಇಲ್ಲ. ಕಣ್ಣು ಮುಚ್ಚಿತು. ತಲೆ ಹಿಂದಕ್ಕೆ ಬಾಗಿದಾಗ ಒಳಕಿವಿಯ ಲೆಕ್ಕವೂ ಕಷ್ಟವಾಗುತ್ತದೆ. ಅದರ ಮೇಲೆ ನೀರು ಬಿದ್ದ ಕಲ್ಲು ಬೇರೆ.

ಇನ್ನೊಂದು ಸಣ್ಣ ಪ್ರಯೋಗ ಮಾಡಿದೆ. ಮತ್ತೆ ಪಾದ ಜೋಡಿಸಿ ಕಣ್ಣು ಮುಚ್ಚಿಸಿದೆ, ಆದರೆ ಈ ಸಲ ಒಂದು ತೋರುಬೆರಳನ್ನು ಮೇಜಿನ ಅಂಚಿಗೆ ಸುಮ್ನೆ ತಾಗಿಸಿಕೊಳ್ಳಿ, ಊರಬೇಡಿ ಅಂದೆ. 30 ಸೆಕೆಂಡ್ ನಿಂತರು. 1994ರಲ್ಲಿ ಜೆಕಾ ಮತ್ತು ಲಾಕ್ನರ್ ತೋರಿಸಿದ್ದು ಇದನ್ನೇ. ಬೆರಳಿನ ಒತ್ತಡ 1 ನ್ಯೂಟನ್‌ಗಿಂತ ಕಡಿಮೆ, ಅಂದರೆ 100 ಗ್ರಾಂ ಭಾರವೂ ಇಲ್ಲ. ಅಷ್ಟರಿಂದ ಮೈ ನಿಲ್ಲಲು ಆಧಾರ ಸಿಗುವುದಿಲ್ಲ, ಸುದ್ದಿ ಸಿಗುತ್ತದೆ. ಕಾಲು ಹೇಳಬೇಕಾದ್ದನ್ನು ಬೆರಳು ಹೇಳುತ್ತದೆ. ಊರುಗೋಲು ಬೇಡವೆಂದು ಹಟ ಹಿಡಿದಿದ್ದವರು ಈ ಪ್ರಯೋಗದ ಮೇಲೆ ಸುಮ್ಮನಾದರು.

ವೈದ್ಯರಿಗೆ ಬರೆದದ್ದು

ಮಂಡಿಯ ಪ್ರತಿಕ್ರಿಯೆ ಜೋರು, ಹಿಮ್ಮಡಿಯದ್ದು ಇಲ್ಲ, ಹೆಬ್ಬೆರಳು ಮೇಲಕ್ಕೆ, ಕಂಪನದ ಅರಿವು ಮಂಡಿಯವರೆಗೆ ಇಲ್ಲ. 14 ವರ್ಷದ ಮೆಟ್‌ಫಾರ್ಮಿನ್, ಹಾಲಿಲ್ಲದ ಸಸ್ಯಾಹಾರ. ಬಿ12 ನೋಡಬಹುದೇ? ಕುತ್ತಿಗೆಯಲ್ಲಿ ಬೆನ್ನುಹುರಿಗೆ ಒತ್ತಡ ಇದೆಯೇ ಎಂದೂ ನೋಡಬೇಕಾಗಬಹುದು. ಅದು ತಿಳಿಯುವವರೆಗೆ ಕುತ್ತಿಗೆ ಎಳೆಯುವ, ತಿರುಚುವ ಚಿಕಿತ್ಸೆ ಮಾಡುವುದಿಲ್ಲ. ಪತ್ರದಲ್ಲಿ ಇದ್ದದ್ದು ಇಷ್ಟೇ.

ಮೆಟ್‌ಫಾರ್ಮಿನ್ ಕರುಳಿನಲ್ಲಿ ಬಿ12 ಹೀರಿಕೆಯನ್ನು ಕಡಿಮೆ ಮಾಡುತ್ತದೆ. ನರಗಳಿಗೆ ಬೇಕಾದ ಈ ವಿಟಮಿನ್ ಸಸ್ಯಾಹಾರಿಗಳಿಗೆ ಸಿಗುವುದು ಮುಖ್ಯವಾಗಿ ಹಾಲಿನಿಂದ, ಇವರು ಅದನ್ನೂ ಬಿಟ್ಟಿದ್ದರು. ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಆಗಾಗ ಬಿ12 ಪರೀಕ್ಷೆ ಮಾಡಿಸಬೇಕು ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲೇ ಇದೆ. ಇವರಿಗೆ ಒಮ್ಮೆಯೂ ಆಗಿರಲಿಲ್ಲ. ಫಲಿತಾಂಶ ಮಿಲಿಲೀಟರಿಗೆ 118 ಪಿಕೋಗ್ರಾಂ. 200ಕ್ಕಿಂತ ಕೆಳಗೆ ಹೋದರೆ ಕೊರತೆ ಅಂತ ಲೆಕ್ಕ. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಎಂಆರ್‌ಐಯಲ್ಲಿ ಕುತ್ತಿಗೆ ಸವೆತ ಇತ್ತು, ಬೆನ್ನುಹುರಿಗೆ ಒತ್ತಡ ಇರಲಿಲ್ಲ. ಬೆನ್ನುಹುರಿಯ ಹಿಂಭಾಗದಲ್ಲಿ ಬಿ12 ಕೊರತೆಗೆ ಹೊಂದುವ ಬದಲಾವಣೆ ಇತ್ತು. ವೈದ್ಯರು ಇಂಜೆಕ್ಷನ್ ಶುರು ಮಾಡಿದರು. ಸಕ್ಕರೆಯಿಂದ ಬಂದ ನರದ ತೊಂದರೆಯೂ ಜೊತೆಗೆ ಇರಬಹುದು, ಎರಡನ್ನೂ ಪೂರ್ತಿ ಬೇರೆ ಮಾಡಲು ಆಗುವುದಿಲ್ಲ.

ಏನು ಮಾಡಿದೆವು

ಕಾಲರ್ ತೆಗೆಸಿದೆವು. ಬಚ್ಚಲಿಗೆ ರಬ್ಬರ್ ಕಾಲಿನ ಸ್ಟೂಲ್ ಮತ್ತು ಗೋಡೆಗೆ ಹಿಡಿಕೆ. “ಕೂತು ಸ್ನಾನ ಮಾಡೋಕೆ ನಾನೇನು ಹಾಸಿಗೆ ಹಿಡಿದಿದ್ದೇನಾ?” ಅಂದರು. ಹೆಂಡತಿಯ ಒಂದು ನೋಟಕ್ಕೆ ಒಪ್ಪಿದರು. ಹವಾಯಿ ಚಪ್ಪಲಿ ಬದಲು ಹಿಮ್ಮಡಿಗೆ ಪಟ್ಟಿ ಇರುವ, ತೆಳು ಮತ್ತು ಗಟ್ಟಿ ಅಟ್ಟೆಯ ಸ್ಯಾಂಡಲ್. ದಪ್ಪ ಮೆತ್ತನೆಯ ಅಟ್ಟೆ ಇಂಥವರಿಗೆ ಹಿತವಾಗಿ ಕಂಡರೂ ಉಳಿದಿರುವ ಅಷ್ಟಿಷ್ಟು ಸ್ಪರ್ಶವನ್ನೂ ಮುಚ್ಚಿಬಿಡುತ್ತದೆ. ಕೊಟ್ಟಿಗೆ ದಾರಿಗೆ ಚಾರ್ಜ್ ಆಗುವ ದೀಪ, ಜೇಬಿನಲ್ಲಿ ಟಾರ್ಚ್. ದಿನಾ ರಾತ್ರಿ ಪಾದ ನೋಡಿಕೊಳ್ಳುವುದು.

ವ್ಯಾಯಾಮದಲ್ಲಿ ಹೆಚ್ಚು ಸಮಯ ಹೋದದ್ದು ಹಿಂದಕ್ಕೆ ಹೆಜ್ಜೆ ಹಾಕುವುದರಲ್ಲಿ. ಒರಗಿಸಿ ಬಿಡುವುದು, ಒಂದೇ ದೊಡ್ಡ ಹೆಜ್ಜೆಯಲ್ಲಿ ನಿಲ್ಲುವುದು. ಜೊತೆಗೆ ಬೆರಳು ತಾಗಿಸಿ ಕಣ್ಣು ಮುಚ್ಚಿ ನಿಂತು, ಆಮೇಲೆ ಬೆರಳು ತೆಗೆಯುವುದು. ಕಣಕಾಲು ಮತ್ತು ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ, ಬಿಗಿದಿದ್ದ ಮೀನಖಂಡಕ್ಕೆ ಎಳೆತ. ಮನೆಯಲ್ಲಿ ಕಣ್ಣು ಮುಚ್ಚುವ ವ್ಯಾಯಾಮವನ್ನು ಎರಡು ಗೋಡೆ ಸೇರುವ ಮೂಲೆಯಲ್ಲಿ, ಮಗ ಇದ್ದಾಗ ಮಾತ್ರ.

12 ವಾರದ ನಂತರ ಮಿನಿ-ಬೆಸ್‌ಟೆಸ್ಟ್ 16ರಿಂದ 21ಕ್ಕೆ ಏರಿತು. ಸುಮಾರು 4 ಅಂಕದ ಬದಲಾವಣೆ ಇದ್ದರೆ ನಿಜವಾದ ಸುಧಾರಣೆ ಅಂತ ಹಿಡಿಯಬಹುದು. ಸಾವರಿಸಿಕೊಳ್ಳುವ ಭಾಗ 2ರಿಂದ 4 ಆಗಿತ್ತು. ಗಟ್ಟಿ ನೆಲದಲ್ಲಿ ಕಣ್ಣು ಮುಚ್ಚಿ 19 ಸೆಕೆಂಡ್, ಫೋಮ್ ಮೇಲೆ 7. ಬರ್ಗ್ 49ರಿಂದ 51. ಈ ಎರಡು ಅಂಕ ಅಳತೆಯ ಏರುಪೇರಿನೊಳಗೇ ಬರುತ್ತದೆ. ಬರ್ಗ್ ಒಂದನ್ನೇ ನೋಡಿದ್ದರೆ ಏನೂ ಆಗಿಲ್ಲ ಅನ್ನಬೇಕಿತ್ತು. ಕಣಕಾಲಿನ ಕಂಪನದ ಅರಿವು ಮರಳಿಲ್ಲ. ಬೆನ್ನುಹುರಿಯ ಹಾನಿ ಎಷ್ಟು ಸರಿಹೋಗುತ್ತದೆ ಅನ್ನುವುದು ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು ಅನ್ನುವುದರ ಮೇಲಿದೆ. ಇದನ್ನು ಮನೆಯವರಿಗೆ ಮುಚ್ಚುಮರೆ ಇಲ್ಲದೆ ಹೇಳಿದ್ದೇನೆ.

ಈ ಅವಧಿಯಲ್ಲಿ ಬಿದ್ದಿಲ್ಲ. ಒಂದು ಸಲ ಯಕ್ಷಗಾನ ನೋಡಿ ಬರುವಾಗ ಗದ್ದೆ ಬದುವಿನಲ್ಲಿ ಮುಗ್ಗರಿಸಿದ್ದಾರೆ, ಕೋಲು ಊರಿ ನಿಂತಿದ್ದಾರೆ. ಟಾರ್ಚ್ ಜೇಬಲ್ಲೇ ಇತ್ತಂತೆ, ಬೆಳದಿಂಗಳು ಸಾಕು ಅಂದುಕೊಂಡರಂತೆ. ತೋಟಕ್ಕೆ ಹೋಗುವ ದಾರಿಯ ಸಂಕ (ಕಿರಿದಾದ ಕಾಲುಸೇತುವೆ) ಇನ್ನೂ ಬಾಕಿ ಇದೆ. ಒಂದು ಕಾಲಿನ ಮುಂದೆ ಇನ್ನೊಂದು ಇಟ್ಟೇ ದಾಟಬೇಕಾದ ಜಾಗ ಅದು. ಸದ್ಯ ಮಗ ಒಂದು ಬದಿಗೆ ಬಿದಿರಿನ ಹಿಡಿಕೆ ಕಟ್ಟಿದ್ದಾರೆ, ಒಬ್ಬರೇ ದಾಟುವುದು ಬೇಡ ಅಂತ ಹೇಳಿದ್ದೇನೆ. ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಬರಬೇಕು. ಆಗ ಫೋಮ್ ಜೊತೆಗೆ ನೆಲಕ್ಕೆ ಒಂದು ಕಿರು ಹಲಗೆ ಹಾಕಿ, ಕೋಲು ಹಿಡಿಸಿ ನಡೆಸಿ ನೋಡುವುದಿದೆ.